ನಕಲಾದ ಸೂತ್ರ, ಹಿಂದೆ ಉಳಿದ ಷರತ್ತು

ಡಿಜಿಟಲ್ ಪುಟದಲ್ಲಿರುವ ಗಣಿತದ ಸೂತ್ರವನ್ನು ಎತ್ತಿ ಇನ್ನೊಂದು ಕಡೆ ಇಟ್ಟರೆ ಅದು ಚೂರುಚೂರಾಗುತ್ತದೆ ಎಂಬ ದೂರು ಹಳೆಯದು. ಅದಕ್ಕೆ ಕೊಡುವ ಉತ್ತರಕ್ಕೂ ಈಗ ವಯಸ್ಸಾಗಿದೆ: ಸೂತ್ರವನ್ನು ಲೇಟೆಕ್ ಎಂಬ ಟೈಪ್‌ಸೆಟಿಂಗ್ ಭಾಷೆಯಲ್ಲಿ ಬರೆಯಿರಿ, ಪಕ್ಕದಲ್ಲಿ ಕಾಪಿ ಬಟನ್ ಇಡಿ, ಬರೀ ಚಿತ್ರ ಸಿಕ್ಕಿದರೆ ಫೋಟೊ ನೋಡಿ ಸೂತ್ರ ಓದಿಕೊಡುವ ಆ್ಯಪ್ ಬಳಸಿ. ಗಣಿತ ಕಲಿಸುವವರೂ ಪುಸ್ತಕ ಮಾಡುವವರೂ ಇದನ್ನು ಬಗೆಹರಿದ ವಿಷಯವೆಂದೇ ಮಾತನಾಡುತ್ತಾರೆ. ನನ್ನ ತಕರಾರು ಇಲ್ಲಿಂದ ಶುರು. ಈ ಉತ್ತರ ಸೂತ್ರದ ಆಕಾರವನ್ನು ದಾಟಿಸುತ್ತದೆ, ಸೂತ್ರವನ್ನಲ್ಲ. ಯಾವ ಅಕ್ಷರ ಯಾವುದಕ್ಕೆ ನಿಂತಿದೆ, ಯಾವ ಷರತ್ತಿನೊಳಗೆ ಮಾತ್ರ ಆ ಸಾಲು ನಿಜ ಎಂಬುದೆಲ್ಲ ಮೂಲ ಪುಟದಲ್ಲೇ ಉಳಿದುಬಿಡುತ್ತದೆ. ನಕಲು ಕಷ್ಟವಾಗಿಯೇ ಇರಲಿ ಎಂಬ ಪಕ್ಷ ನನ್ನದಲ್ಲ. ಸೂತ್ರ ಸುಲಭವಾಗಿ ನಕಲಾಗಬೇಕು, ಅದು ಪ್ರಕಾಶಕರ ಕರ್ತವ್ಯ ಎಂದೇ ನಂಬಿದವನು ನಾನು. ಆದರೆ ಏನು ನಕಲಾಗಬೇಕು ಎಂಬ ಪ್ರಶ್ನೆಯನ್ನು ನಾವು ಸರಿಯಾಗಿ ಕೇಳಿಯೇ ಇಲ್ಲ.

ದೂರು ಎಷ್ಟು ನಿಜ ಎಂಬುದನ್ನು ಮೊದಲು ನೋಡೋಣ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 × 10⁸ ಮೀಟರ್. ಪಿಡಿಎಫ್ ಪುಟದಿಂದ ಇದನ್ನು ಆಯ್ದು ಬೇರೆ ಕಡೆ ಪೇಸ್ಟ್ ಮಾಡಿದರೆ ಬಹುಮಟ್ಟಿಗೆ ಬರುವುದು 3 × 108. ಲೆಕ್ಕ ಹಾಕಿದರೆ 324. ಅದೇ ರೀತಿ 10⁻³ ಎಂಬುದು 10–3 ಆಗುತ್ತದೆ, ಸಾವಿರದಲ್ಲೊಂದು ಇದ್ದದ್ದು ಏಳಾಗುತ್ತದೆ. ಬಂದದ್ದು ಗೋಜಲಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಇಲ್ಲಿ ಬರುವುದು ನೋಡಲು ಅಚ್ಚುಕಟ್ಟಾದ, ಪೂರಾ ತಪ್ಪಾದ ಸಂಖ್ಯೆ. ಕಾರಣ ಸರಳ. 1993ರಲ್ಲಿ ಬಂದ ಪಿಡಿಎಫ್‌ನ ಗುರಿ, ಒಂದು ಪುಟ ಎಲ್ಲ ಯಂತ್ರಗಳಲ್ಲೂ ಎಲ್ಲ ಪ್ರಿಂಟರ್‌ಗಳಲ್ಲೂ ಒಂದೇ ರೀತಿ ಕಾಣಬೇಕು ಎಂಬುದು. ಅದು ನೆನಪಿಟ್ಟುಕೊಳ್ಳುವುದು ಈ ಅಕ್ಷರ, ಈ ಗಾತ್ರ, ಈ ಜಾಗ ಎಂದಷ್ಟೇ. ಘಾತಾಂಕ ಅದರ ಪಾಲಿಗೆ ಸ್ವಲ್ಪ ಮೇಲೆ ಕೂತ ಚಿಕ್ಕ 8. ಭಿನ್ನರಾಶಿಯ ಗೆರೆಯಾಗಲಿ ವರ್ಗಮೂಲದ ಮೇಲಿನ ಗೆರೆಯಾಗಲಿ ಸಾಮಾನ್ಯವಾಗಿ ಅಕ್ಷರವೇ ಅಲ್ಲ, ಎಳೆದ ಒಂದು ಗೀಟು. ಹಾಗಾಗಿ ನಕಲಿನಲ್ಲಿ ಅಂಶ ಒಂದು ಸಾಲು, ಛೇದ ಇನ್ನೊಂದು ಸಾಲು, ಗೆರೆ ಮಾಯ.

ಕನ್ನಡ, ಗುಜರಾತಿ ಪುಸ್ತಕಗಳಲ್ಲಿ ಈ ಕಷ್ಟ ಇಮ್ಮಡಿ. ನುಡಿ, ಶ್ರೀಲಿಪಿಗಳ ಹಳೆಯ ಎನ್‌ಕೋಡಿಂಗ್‌ನಲ್ಲಿ, ಇತ್ತ ಗುಜರಾತಿಯ ಟೆರಾಫಾಂಟ್‌ನಂಥ ಫಾಂಟ್‌ಗಳಲ್ಲಿ ಟೈಪಾದ ಪಠ್ಯದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಫಾಂಟ್ ಅವಕ್ಕೆ ನಮ್ಮ ಲಿಪಿಯ ವೇಷ ಹಾಕಿರುತ್ತದೆ. ಇವನ್ನು ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗಳಿವೆ. ಗಣಿತದ ಪುಸ್ತಕವನ್ನು ಅಂಥ ಒಂದಕ್ಕೆ ಕೊಟ್ಟು ನೋಡಿ. ಸೂತ್ರದೊಳಗಿನ ನಿಜವಾದ ಇಂಗ್ಲಿಷ್ ಅಕ್ಷರಗಳು, ಅಂದರೆ ಎಕ್ಸ್, ವೈ, ಸೈನ್, ಕಾಸ್, ಎಲ್ಲವೂ ವೇಷ ಹಾಕಿದವೇ ಎಂದು ತಿಳಿದು ಕನ್ವರ್ಟರ್ ಅವನ್ನೂ ಕನ್ನಡದ ತುಂಡು ಅಕ್ಷರಗಳಾಗಿ ಮಾರ್ಪಡಿಸುತ್ತದೆ. ಡಿಟಿಪಿ ಮಾಡುವವರು ಇದಕ್ಕೆ ಕಂಡುಕೊಂಡ ದಾರಿ ಒಂದೇ: ಸೂತ್ರಗಳನ್ನೆಲ್ಲ ಮೊದಲು ಕಿತ್ತು ಹೊರಗಿಟ್ಟು, ಪಠ್ಯವನ್ನು ಕನ್ವರ್ಟ್ ಮಾಡಿ, ಆಮೇಲೆ ಸೂತ್ರಗಳನ್ನು ಒಂದೊಂದಾಗಿ ಮತ್ತೆ ಕೈಯಿಂದ ಟೈಪ್ ಮಾಡುವುದು. ವಡೋದರದಲ್ಲಿ ಬಾಳುವ ಕನ್ನಡಿಗನಾಗಿ ನನಗೆ ಇದು ವಿಶೇಷವಾಗಿ ಚುಚ್ಚುತ್ತದೆ. ಒಂದೇ ಮನೆತನದಲ್ಲಿ ಒಂದು ಮಗು ಇಲ್ಲಿ ಗುಜರಾತಿ ಮಾಧ್ಯಮದಲ್ಲಿ ಓದುತ್ತದೆ, ಅದರ ಅಕ್ಕನೋ ತಮ್ಮನೋ ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲಿ. ಎರಡೂ ಪುಸ್ತಕಗಳಲ್ಲಿ ಅನುವಾದ ಬೇಕಿಲ್ಲದ ಭಾಗವೆಂದರೆ ಸೂತ್ರ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರ ದಾಟಿಸಲಾರದೆ ಮನುಷ್ಯನ ಕೈಗೆ ಬಿಡುವ ಭಾಗವೂ ಅದೇ.

ಕೈಯಿಂದ ಮತ್ತೆ ಟೈಪ್ ಮಾಡಿದ್ದೂ ಉಳಿಯುತ್ತದೆಂಬ ಭರವಸೆಯಿಲ್ಲ. ವರ್ಡ್‌ನ ಹಳೆಯ ಈಕ್ವೇಷನ್ ಎಡಿಟರ್ 3.0 ಅನ್ನು ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಭದ್ರತೆಯ ಕಾರಣಕ್ಕೆ ತೆಗೆದುಹಾಕಿತು. ಅದರಲ್ಲಿ ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳ ಸೂತ್ರಗಳು ಕಣ್ಣಿಗೆ ಕಾಣುತ್ತಿದ್ದವು, ತಿದ್ದಲು ಬರುತ್ತಿರಲಿಲ್ಲ.

ಇಷ್ಟು ನೋಡಿದ ಮೇಲೆ ಲೇಟೆಕ್ ಪಕ್ಷದವರ ವಾದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಲೇಬೇಕು. ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಟೆಕ್, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್, ಎರಡೂ ಮಾಡಿದ ದೊಡ್ಡ ಕೆಲಸವೆಂದರೆ ಎರಡು ಆಯಾಮದಲ್ಲಿ ಹರಡಿಕೊಂಡ ಸೂತ್ರವನ್ನು ಎಡದಿಂದ ಬಲಕ್ಕೆ ಓದಬಹುದಾದ ಒಂದು ಸಾಲಾಗಿಸಿದ್ದು. ಘಾತಾಂಕಕ್ಕೆ ಒಂದು ಗುರುತು, ಭಿನ್ನರಾಶಿಗೆ ಒಂದು ಆದೇಶ, ಎಲ್ಲಿ ಶುರು ಎಲ್ಲಿ ಕೊನೆ ಎನ್ನಲು ಆವರಣ. ಆ ಸಾಲನ್ನು ಇಮೇಲ್‌ನಲ್ಲಿ ಕಳಿಸಿ, ಮೊಬೈಲಿನಲ್ಲಿ ಅಂಟಿಸಿ, ಏನೂ ಕಳೆಯುವುದಿಲ್ಲ. 1991ರಲ್ಲಿ ಶುರುವಾದ ಅರ್ಕೈವ್ ಎಂಬ ಪ್ರಬಂಧ ಭಂಡಾರ ಇದರ ಬೆಲೆಯನ್ನು ಮೊದಲೇ ಅರಿತಿತ್ತು. ಟೆಕ್‌ನಲ್ಲಿ ಬರೆದ ಪ್ರಬಂಧವಾದರೆ ಅದು ಲೇಖಕರಿಂದ ಬರೀ ಪಿಡಿಎಫ್ ತೆಗೆದುಕೊಳ್ಳುವುದಿಲ್ಲ, ಮೂಲ ಕಡತವನ್ನೇ ಕೇಳುತ್ತದೆ, ಓದುಗರಿಗೂ ಆ ಮೂಲವನ್ನು ಕೊಡುತ್ತದೆ. 2023ರ ಡಿಸೆಂಬರ್‌ನಲ್ಲಿ ಅದು ಹೊಸ ಪ್ರಬಂಧಗಳನ್ನು ಎಚ್‌ಟಿಎಂಎಲ್ ರೂಪದಲ್ಲೂ ಕೊಡಲು ಶುರುಮಾಡಿದ್ದು ಆ ಮೂಲ ಕಡತಗಳು ಕೈಯಲ್ಲಿದ್ದುದರಿಂದಲೇ. ಇನ್ನೂ ದೊಡ್ಡ ಸಾಕ್ಷಿ ಟಿ. ವಿ. ರಾಮನ್ ಅವರದು. ಪುಣೆಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡ ಅವರು 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ, ಟೆಕ್ ಮೂಲವನ್ನು ಓದಿ ಗಣಿತವನ್ನು ಕಿವಿಗೆ ಹೇಳುವ ವ್ಯವಸ್ಥೆಯೊಂದನ್ನು ಕಟ್ಟಿದರು. ಪುಟದ ಚಿತ್ರದಿಂದ ಆಗದ ಕೆಲಸ ಮೂಲದಿಂದ ಆಯಿತು. ಇದನ್ನು ಅಲ್ಲಗಳೆಯುವ ಯಾವ ವಾದವೂ ನನ್ನ ಬಳಿ ಇಲ್ಲ.

ಆದರೂ ಲೇಟೆಕ್‌ನ ಬುಡದಲ್ಲಿರುವ ಟೆಕ್ ಹುಟ್ಟಿದ್ದು ಅಚ್ಚುಮೊಳೆಯ ಚಿಂತೆಯಿಂದ. ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡು ಅಚ್ಚು ಕಳಪೆಯಾಗಿ ಕಂಡದ್ದೇ ಕನೂತ್ ಅವರನ್ನು ಆ ಕೆಲಸಕ್ಕೆ ಹಚ್ಚಿದ್ದು. ಹಾಗಾಗಿ ಅದರ ಸಾಲು ಹೇಳುವುದು ಸೂತ್ರ ಹೇಗೆ ಕಾಣಬೇಕು ಎಂಬುದನ್ನು. ಸೈನ್‌ನ ತಲೆಯ ಮೇಲೆ 2 ಕೂತರೆ ಸೈನ್ ಬೆಲೆಯ ವರ್ಗ. ಅದೇ ಜಾಗದಲ್ಲಿ ⁻¹ ಕೂತರೆ 1 ಬೈ ಸೈನ್ ಅಲ್ಲ, ಅದು ವಿಲೋಮ ಫಲನ. ಎರಡಕ್ಕೂ ಲೇಟೆಕ್‌ನಲ್ಲಿ ಒಂದೇ ಗುರುತು. ಅಕ್ಷರವೊಂದರ ತಲೆಯ ಮೇಲೆ ಟಿ ಎಂದಿದ್ದರೆ ಅದು ಘಾತವೋ, ಮ್ಯಾಟ್ರಿಕ್ಸನ್ನು ಅಡ್ಡ-ಉದ್ದ ಬದಲಿಸು ಎಂಬ ಸೂಚನೆಯೋ? ಎಫ್‌ನ ಮುಂದೆ ಆವರಣದಲ್ಲಿ ಎಕ್ಸ್ ಪ್ಲಸ್ 1 ಇದ್ದರೆ ಗುಣಿಸಬೇಕೋ, ಫಲನದ ಬೆಲೆ ಹುಡುಕಬೇಕೋ? ಸುತ್ತಲಿನ ವಾಕ್ಯ ಓದಿದವರಿಗೆ ಗೊತ್ತು. ಕಾಪಿ ಬಟನ್ ಆ ವಾಕ್ಯವನ್ನು ತರುವುದಿಲ್ಲ. ಈ ಕೊರತೆ ತಜ್ಞರಿಗೆ ತಿಳಿಯದ್ದೇನಲ್ಲ. 1998ರಲ್ಲಿ ಬಂದ ಮ್ಯಾಥ್‌ಎಂಎಲ್ ಎಂಬ ಮಾನಕದಲ್ಲಿ ಮೊದಲಿನಿಂದಲೂ ಎರಡು ಭಾಗಗಳಿದ್ದವು, ಒಂದು ಕಾಣುವ ರೂಪಕ್ಕೆ, ಇನ್ನೊಂದು ಅರ್ಥಕ್ಕೆ. ಬಳಕೆಯಲ್ಲಿ ಗೆದ್ದದ್ದು ಕಾಣುವ ರೂಪ. ಕ್ರೋಮ್ ಬ್ರೌಸರ್ 2023ರ ಜನವರಿಯಲ್ಲಿ ಮ್ಯಾಥ್‌ಎಂಎಲ್ ಅನ್ನು ಮರಳಿ ತಂದಾಗ ತಂದದ್ದೂ ಆ ಭಾಗವನ್ನೇ. ಅರ್ಥದ ಭಾಗ ಗಣಕಗಣಿತದ ಕೆಲವು ಸಾಫ್ಟ್‌ವೇರ್‌ಗಳಾಚೆಗೆ ಹೆಚ್ಚು ಬೇರೂರಲಿಲ್ಲ. ಸೋತದ್ದು ತಂತ್ರಜ್ಞಾನವಲ್ಲ. ಅರ್ಥವನ್ನು ಬರೆದಿಡುವುದು ಯಾರ ಕೆಲಸ ಎಂದು ಯಾರೂ ತೀರ್ಮಾನಿಸಲಿಲ್ಲ.

ಇದು ಕಂಪ್ಯೂಟರ್ ಕಾಲದ ಹೊಸ ಸಮಸ್ಯೆ ಎಂಬ ತಿಳಿವಳಿಕೆಯನ್ನೂ ನಾನು ಒಪ್ಪುವುದಿಲ್ಲ. ನಾನಿರುವ ವಡೋದರದ ಪ್ರಾಚ್ಯ ವಿದ್ಯಾ ಮಂದಿರ, ಅಂದರೆ ಈಗ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಭಾಗವಾಗಿರುವ ಓರಿಯೆಂಟಲ್ ಇನ್‌ಸ್ಟಿಟ್ಯೂಟ್, 1937ರಲ್ಲಿ ತನ್ನ ಗಾಯಕವಾಡ ಮಾಲೆಯ 78ನೇ ಗ್ರಂಥವಾಗಿ ಶ್ರೀಪತಿಯ ಗಣಿತತಿಲಕವನ್ನು ಪ್ರಕಟಿಸಿತು. ಶ್ರೀಪತಿ 11ನೇ ಶತಮಾನದವನು; ಜೊತೆಗೆ 13ನೇ ಶತಮಾನದ ಜೈನ ಯತಿ ಸಿಂಹತಿಲಕ ಸೂರಿಯ ವ್ಯಾಖ್ಯಾನವಿದೆ. ಸಂಪಾದಿಸಿದವರು ಸೂರತ್ ಮೂಲದ ಹೀರಾಲಾಲ್ ರಸಿಕದಾಸ್ ಕಾಪಡಿಯಾ, ಗಣಿತವನ್ನೂ ಪ್ರಾಕೃತವನ್ನೂ ಬಲ್ಲವರು. ಗ್ರಂಥ ನಮಗೆ ಅಪೂರ್ಣವಾಗಿಯೇ ದಕ್ಕಿದೆ. ಅದರ ಕಟ್ಟಡ ಮಾತ್ರ ಸಂಸ್ಕೃತ ಗಣಿತ ಓದಿದವರಿಗೆಲ್ಲ ಪರಿಚಿತ: ಮೊದಲು ಛಂದಸ್ಸಿನಲ್ಲಿ ಸೂತ್ರ, ಆಮೇಲೆ ಉದಾಹರಣೆ, ವ್ಯಾಖ್ಯಾನದಲ್ಲಿ ಅಂಕಿಗಳನ್ನು ಜೋಡಿಸಿ ತೋರಿಸುವ ನ್ಯಾಸ, ಕೊನೆಗೆ ಲೆಕ್ಕ ಮಾಡಿದ ಕ್ರಮ.

ಈ ಕಟ್ಟಡವನ್ನು ನಕಲಿನ ಕಣ್ಣಿನಿಂದ ನೋಡಿ. ಶ್ಲೋಕ ಒಂದೇ ಸಾಲಿನ ಹರಿವು. ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಛಂದಸ್ಸು ಎಡವುತ್ತದೆ, ನಕಲು ಮಾಡುವವನಿಗೆ ತಪ್ಪು ಕೇಳಿಸುತ್ತದೆ. ಅಂಕಿಯನ್ನು ಅಂಕಿಯಾಗಿ ಬರೆದರೆ ಕೆಡುತ್ತದೆಂದೇ ಚಂದ್ರ ಎಂದರೆ 1, ನೇತ್ರ ಎಂದರೆ 2, ವೇದ ಎಂದರೆ 4 ಎಂದು ಪದಗಳಲ್ಲಿ ಅಡಗಿಸಿ ಪದ್ಯಕ್ಕೆ ಹೊಂದಿಸಿದರು. ನ್ಯಾಸಕ್ಕೆ ಆ ರಕ್ಷಣೆ ಇರಲಿಲ್ಲ. ಅಲ್ಲಿ ಭಿನ್ನರಾಶಿಯೆಂದರೆ ಅಂಶದ ಕೆಳಗೆ ಛೇದ, ನಡುವೆ ಗೆರೆಯಿಲ್ಲ. ಋಣಸಂಖ್ಯೆಯನ್ನು ಭಾಸ್ಕರಾಚಾರ್ಯನ ಬೀಜಗಣಿತದ ರೂಢಿಯಲ್ಲಿ ಸಂಖ್ಯೆಯ ಮೇಲೊಂದು ಚುಕ್ಕೆ ಇಟ್ಟು ತೋರಿಸುತ್ತಿದ್ದರು. ಲಿಪಿಕಾರ ಚುಕ್ಕೆ ಮರೆತರೆ ಸಾಲ ಸಂಪತ್ತಾಗುತ್ತದೆ. ಹಸ್ತಪ್ರತಿಯಲ್ಲಿ ಮೇಲಿನ ಚುಕ್ಕೆ ಬಿದ್ದುಹೋಗುವುದಕ್ಕೂ ಪಿಡಿಎಫ್‌ನಲ್ಲಿ ಮೇಲಿನ 8 ಕೆಳಗಿಳಿಯುವುದಕ್ಕೂ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ. ಎರಡೂ ಕಡೆ ಅರ್ಥ ಜಾಗದಲ್ಲಿ ಅಡಗಿತ್ತು, ನಕಲು ಜಾಗವನ್ನು ಒಯ್ಯಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಲೇಟೆಕ್ ಪಕ್ಷಕ್ಕೇ ಬಲ ಕೊಟ್ಟಂತೆ: ನೋಡಿ, ಪೂರ್ವಿಕರೂ ಸಾಲಾಗಿಸಿಯೇ ಉಳಿಸಿದರು! ಆದರೆ ಅದೇ ಪರಂಪರೆಯಲ್ಲಿ, ಸಾಲಾಗಿ ಅಚ್ಚುಕಟ್ಟಾಗಿ ನಕಲಾದ ಒಂದು ಸೂತ್ರ ಮುನ್ನೂರು ವರ್ಷಕ್ಕೂ ಮೀರಿ ಏನು ಮಾಡಿತು ಎಂಬುದನ್ನೂ ನೋಡಬೇಕು.

ಭಿಲ್ಲಮಾಲದ, ಇಂದಿನ ಗುಜರಾತ್ ಗಡಿಗೆ ಹತ್ತಿರವಿರುವ ಭೀನ್‌ಮಾಲ್‌ನ ಬ್ರಹ್ಮಗುಪ್ತ 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಚತುರ್ಭುಜದ ಕ್ಷೇತ್ರಫಲಕ್ಕೆ ಒಂದು ಸೂತ್ರ ಕೊಟ್ಟ. ಸುತ್ತಳತೆಯ ಅರ್ಧದಿಂದ ನಾಲ್ಕೂ ಬಾಹುಗಳನ್ನು ಒಂದೊಂದಾಗಿ ಕಳೆ, ಬಂದ ನಾಲ್ಕನ್ನು ಗುಣಿಸು, ವರ್ಗಮೂಲ ತೆಗೆ. ನಾಲ್ಕೂ ಮೂಲೆಗಳು ಒಂದು ವೃತ್ತದ ಮೇಲಿದ್ದಾಗ ಮಾತ್ರ ಇದು ನಿಜ. ಆ ಷರತ್ತನ್ನು ಶ್ಲೋಕ ಬಾಯಿಬಿಟ್ಟು ಹೇಳುವುದಿಲ್ಲ. ಬ್ರಹ್ಮಗುಪ್ತನ ಮನಸ್ಸಿನಲ್ಲಿ ಅದು ಇತ್ತು ಎಂಬುದಕ್ಕೆ ಸುತ್ತಲಿನ ಶ್ಲೋಕಗಳನ್ನು ಆಧಾರವಾಗಿ ತೋರಿಸುವ ವಿದ್ವಾಂಸರಿದ್ದಾರೆ, ಅವರ ವಾದ ನನಗೆ ಒಪ್ಪಿಗೆ. ಆದರೆ ಶ್ಲೋಕ ಒಂಟಿಯಾಗಿ ಪ್ರಯಾಣ ಮಾಡಿತು. ಶ್ರೀಧರ ಅದನ್ನು ಷರತ್ತಿಲ್ಲದೆ ಹೇಳಿದ. ನಮ್ಮ ನೃಪತುಂಗ ಅಮೋಘವರ್ಷನ ಕಾಲದ, ಕನ್ನಡಿಗರು ಹೆಮ್ಮೆಯಿಂದ ಹೆಸರೆತ್ತುವ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ಷರತ್ತಿಲ್ಲ. (ಅಮೋಘವರ್ಷನ ರಾಷ್ಟ್ರಕೂಟ ಮನೆತನದ ಗುಜರಾತ್ ಶಾಖೆಯ ಕರ್ಕರಾಜ 812ರ ತಾಮ್ರಪಟದಲ್ಲಿ ದಾನ ಕೊಟ್ಟ ವಡಪದ್ರಕವೇ ಇಂದಿನ ವಡೋದರ. ಆ ರಾಜ್ಯದಲ್ಲಿ ಬರೆದದ್ದು ಇಲ್ಲಿಗೆ ದೂರದ ಮಾತಾಗಿರಲಿಲ್ಲ.) ಮಹಾವೀರನ ಬಗ್ಗೆ ನನಗಿರುವ ಗೌರವಕ್ಕೆ ಇದರಿಂದ ಕುಂದಿಲ್ಲ. ಆದರೆ ಅವನ ಗ್ರಂಥವನ್ನು ಹೊಗಳುವ ನಮ್ಮ ಲೇಖನಗಳು ಈ ಜಾಗವನ್ನು ಹಾರಿಸಿ ಹೋಗುವುದು ಸರಿಯಲ್ಲ. ಅವನನ್ನು ಗಂಭೀರವಾಗಿ ಓದುವುದೆಂದರೆ ಅವನು ಎಡವಿದ ಜಾಗದಲ್ಲೂ ನಿಂತು ಓದುವುದು.

ತಪ್ಪು ಎಷ್ಟು ಸ್ಪಷ್ಟ ಎಂದರೆ ಕಾಗದ ಪೆನ್ಸಿಲ್ ಸಾಕು. ನಾಲ್ಕೂ ಬಾಹು 5 ಇರುವ ಚೌಕದ ಕ್ಷೇತ್ರಫಲ 25. ಅದೇ ಬಾಹುಗಳನ್ನು ಬಿಡದೆ ಚೌಕವನ್ನು ಒಂದು ಮೂಲೆಯಿಂದ ಒತ್ತಿ ವಜ್ರಾಕೃತಿ ಮಾಡಿ. ಕರ್ಣಗಳು 6 ಮತ್ತು 8 ಆದಾಗ ಕ್ಷೇತ್ರಫಲ 24. ಇನ್ನೂ ಒತ್ತಿದರೆ ಇನ್ನೂ ಕಡಿಮೆ, ಕೊನೆಗೆ ಸೊನ್ನೆಗೆ ಹತ್ತಿರ. ಸೂತ್ರ ಮಾತ್ರ ಪ್ರತಿಸಲವೂ 25 ಎನ್ನುತ್ತದೆ, ಏಕೆಂದರೆ ಅದಕ್ಕೆ ಗೊತ್ತಿರುವುದು ಬಾಹುಗಳಷ್ಟೇ. ಎರಡನೆಯ ಆರ್ಯಭಟ ಇದನ್ನು ಕಂಡು ಸಿಟ್ಟಾದ. ಭಾಸ್ಕರಾಚಾರ್ಯ 1150ರ ಸುಮಾರಿನ ಲೀಲಾವತಿಯಲ್ಲಿ, ಕರ್ಣ ಹೇಳದೆ ಚತುರ್ಭುಜದ ನಿಶ್ಚಿತ ಕ್ಷೇತ್ರಫಲ ಕೇಳುವವನನ್ನು ಪಿಶಾಚ ಎಂದೇ ಬೈದ. ಆ ಬೈಗುಳದ ಹಿಂದಿನ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಭಾಸ್ಕರನೂ ಷರತ್ತನ್ನು ಮರಳಿ ಕೂಡಿಸಲಿಲ್ಲ, ಸೂತ್ರ ಸ್ಥೂಲ ಎಂದು ಬದಿಗಿಟ್ಟ. ಚಕ್ರೀಯ ಚತುರ್ಭುಜ ಎಂಬ ಷರತ್ತಿನೊಂದಿಗೆ ಉಪಪತ್ತಿ ಸಿಗುವುದು ಇನ್ನೂ ಬಹಳ ಕಾಲದ ಮೇಲೆ, ಕೇರಳದಲ್ಲಿ, ಜ್ಯೇಷ್ಠದೇವನ ಯುಕ್ತಿಭಾಷೆಯಲ್ಲಿ. ತ್ರಿಭುಜಕ್ಕೆ ಈ ತೊಂದರೆ ಇಲ್ಲ, ಏಕೆಂದರೆ ಯಾವ ತ್ರಿಭುಜದ ಮೂರು ಮೂಲೆಗಳ ಮೇಲೂ ಒಂದು ವೃತ್ತ ಹಾದೇ ಹೋಗುತ್ತದೆ. ತ್ರಿಭುಜದಲ್ಲಿ ಷರತ್ತಿಲ್ಲದೆ ಸರಿಹೋದ ಅಭ್ಯಾಸವೇ ಚತುರ್ಭುಜಕ್ಕೂ ಹರಿಯಿತು ಎಂದು ನನ್ನ ಊಹೆ.

ಇದರಿಂದ ನಾನು ಎತ್ತಿಕೊಳ್ಳುವ ಮಾತು ಇಷ್ಟು: ಇಲ್ಲಿ ನಕಲು ಕೆಟ್ಟಿರಲಿಲ್ಲ. ಲೆಕ್ಕದ ನಿಯಮ ಒಂದು ಹೆಜ್ಜೆಯೂ ತಪ್ಪದೆ ದಾಟಿತು. ಸೂತ್ರಗಳ ನಕಲಿನ ಬಗ್ಗೆ ಈಗ ಬರೆಯುವ ಬಹುಪಾಲು ಜನ ಗೆಲುವು ಎಂದು ಕರೆಯುವುದು ಅದನ್ನೇ.

ಇನ್ನೂ ಹತ್ತಿರದ ಕಾಲದ, ಇನ್ನೂ ಸೂಕ್ಷ್ಮವಾದ ಒಂದು ಪ್ರಸಂಗ ಗುಜರಾತ್‌ನದೇ ಇದೆ. ಪ್ರಹ್ಲಾದ ಚುನೀಲಾಲ್ ವೈದ್ಯ ಅವರು 1943ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ಒಂದು ಪರಿಹಾರ ಕಂಡುಹಿಡಿದರು. ಮುಂದೆ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಕುಲಪತಿಯಾದವರು, ಗುಜರಾತಿಯಲ್ಲಿ ಗಣಿತವನ್ನು ಓದುಗರಿಗೆ ಮುಟ್ಟಿಸಲು ಸುಗಣಿತಮ್ ಪತ್ರಿಕೆಗೆ ದುಡಿದವರು. 1916ರ ಶ್ವಾರ್ಜ್‌ಶೀಲ್ಡ್ ಪರಿಹಾರ ಬೆಳಕು ಚೆಲ್ಲದ ಗೋಳದ ಸುತ್ತಲಿನ ಗುರುತ್ವವನ್ನು ಹೇಳುತ್ತದೆ. ನಿಜವಾದ ನಕ್ಷತ್ರ ಬೆಳಕು ಚೆಲ್ಲುತ್ತದೆ, ಚೆಲ್ಲುತ್ತ ದ್ರವ್ಯರಾಶಿ ಕಳೆದುಕೊಳ್ಳುತ್ತದೆ. ವೈದ್ಯರ ಪರಿಹಾರ ಆ ನಕ್ಷತ್ರಕ್ಕೆ. ಇಂದು ರೂಢಿಯಲ್ಲಿರುವ ನಿರ್ದೇಶಾಂಕಗಳಲ್ಲಿ ಬರೆದರೆ ಎರಡೂ ಸೂತ್ರಗಳ ಆಕಾರ ಒಂದೇ. ವ್ಯತ್ಯಾಸ ಒಂದು ಅಕ್ಷರದಲ್ಲಿ: ಶ್ವಾರ್ಜ್‌ಶೀಲ್ಡ್‌ನಲ್ಲಿ ದ್ರವ್ಯರಾಶಿ ಸ್ಥಿರ, ವೈದ್ಯರಲ್ಲಿ ಅದು ಕಾಲವನ್ನು ಅಳೆಯುವ ನಿರ್ದೇಶಾಂಕದೊಂದಿಗೆ ಬದಲಾಗುವ ಫಲನ. ಆ ಅವಲಂಬನೆಯನ್ನು ಅಕ್ಷರದ ಪಕ್ಕ ಆವರಣದಲ್ಲಿ ತೋರಿಸದೆ, ಬರೀ ಎಂ ಎಂದು ಬರೆದು ವಿವರವನ್ನು ಪಕ್ಕದ ವಾಕ್ಯಕ್ಕೆ ಬಿಟ್ಟರೆ, ಆ ಸಾಲನ್ನು ಯಾವ ಬಟನ್ ಒತ್ತಿ ನಕಲಿಸಿದರೂ ಬರುವುದು ಶ್ವಾರ್ಜ್‌ಶೀಲ್ಡ್. ವೈದ್ಯರ ಕೊಡುಗೆ ಪೂರಾ ಆ ಪಕ್ಕದ ವಾಕ್ಯದಲ್ಲಿ ಉಳಿದಿರುತ್ತದೆ. ಸೂತ್ರವೆಂದರೆ ಚಿಹ್ನೆಗಳ ಸಾಲು, ಉಳಿದದ್ದೆಲ್ಲ ವಿವರಣೆ ಎಂಬ ತಿಳಿವಳಿಕೆ ಇಲ್ಲಿ ನಿಲ್ಲುವುದಿಲ್ಲ.

ಫೋಟೊ ನೋಡಿ ಸೂತ್ರ ಓದುವ ಆ್ಯಪ್‌ಗಳು ಇದೆಲ್ಲವನ್ನೂ ಪರಿಹರಿಸುತ್ತವೆ ಎನ್ನುವವರಿದ್ದಾರೆ. ಅವುಗಳ ಸಾಮರ್ಥ್ಯ ನನಗೆ ಗೊತ್ತು. ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳಿಗೆ ಬೇರೆ ಗತಿಯೂ ಇಲ್ಲ. ಆದರೆ ಈ ಊರಿನಲ್ಲಿ ಪಾಠಸಂಪಾದನೆಯ ಮಾತಾಡುವಾಗ ಸ್ವಲ್ಪ ಕಟ್ಟುನಿಟ್ಟಾಗಿರಬೇಕು. ಪ್ರಾಚ್ಯ ವಿದ್ಯಾ ಮಂದಿರ 1960ರಿಂದ 1975ರವರೆಗೆ ವಾಲ್ಮೀಕಿ ರಾಮಾಯಣದ ಏಳು ಕಾಂಡಗಳ ವಿಮರ್ಶಾತ್ಮಕ ಆವೃತ್ತಿಯನ್ನು ಹೊರತಂದಿತು. ಅದರ ಪುಟ ತೆರೆದರೆ ಮೇಲೆ ಸಂಪಾದಕರು ಆರಿಸಿದ ಪಾಠ, ಕೆಳಗೆ ಯಾವ ಹಸ್ತಪ್ರತಿಯಲ್ಲಿ ಬೇರೆ ಏನಿದೆ ಎಂಬ ಪಾಠಾಂತರಗಳ ಸಾಲು. ಸಂಪಾದಕರು ಊಹಿಸಿದಲ್ಲಿ ಊಹೆ ಎಂದು ಗೊತ್ತಾಗುತ್ತದೆ. ಆ್ಯಪ್ ಮಾಡುವುದೂ ಊಹೆಯೇ, ಆದರೆ ಪಾಠಾಂತರವಿಲ್ಲದ ಊಹೆ. ತಾನು ಹೆಚ್ಚು ಕಂಡ ಆಕಾರದ ಕಡೆಗೆ ಅದು ವಾಲುತ್ತದೆ. ಅಪರೂಪದ ಚಿಹ್ನೆಯಿದ್ದ ಕಡೆ ಪರಿಚಿತ ಚಿಹ್ನೆ ಬಂದು ಕೂತರೆ ನೋಡುವವರ ಕಣ್ಣಿಗೆ ಅದು ಇನ್ನಷ್ಟು ಸರಿಯಾಗಿಯೇ ಕಾಣುತ್ತದೆ. ಸ್ಕ್ಯಾನ್ ಮಾತ್ರ ಉಳಿದಿರುವ ಗ್ರಂಥಕ್ಕೆ ಇದು ತಕ್ಕ ಉಪಾಯ. ಮೂಲ ಕಡತ ಕೈಯಲ್ಲೇ ಇರುವ ಪ್ರಕಾಶಕ ಅದನ್ನು ಕೊಡದೆ, ಓದುಗ ಹೇಗೂ ಆ್ಯಪ್ ಬಳಸುತ್ತಾನೆ ಎನ್ನುವುದು ಹೊಣೆಗೇಡಿತನ.

ಶಿಕ್ಷಕರಿಂದ ಬರುವ ಆಕ್ಷೇಪ ಬೇರೆ ಜಾತಿಯದು. ಸೂತ್ರ ಕೈಯಿಂದ ಬರೆದರೇ ತಲೆಗೆ ಹೋಗುವುದು, ಸುಲಭವಾಗಿ ನಕಲಾದರೆ ಮಕ್ಕಳು ಕೆಡುತ್ತಾರೆ ಎಂದು ಅವರು ಹೇಳುತ್ತಾರೆ. ಕಲಿಯುವ ಮಗುವಿನ ಮಟ್ಟಿಗೆ ಇದರಲ್ಲಿ ಹುರುಳಿದೆ, ಬರೆಯುವ ಕೈ ನೋಡುವ ಕಣ್ಣಿಗಿಂತ ಚೆನ್ನಾಗಿ ನೆನಪಿಡುತ್ತದೆ. ಆದರೆ ಸೂತ್ರ ನಕಲಿಸುವವರೆಲ್ಲ ಕಲಿಯುವ ಮಕ್ಕಳಲ್ಲ. ಪ್ರಶ್ನೆಪತ್ರಿಕೆ ಹೊಂದಿಸುವವರು, ಗುಜರಾತಿಯಿಂದ ಕನ್ನಡಕ್ಕೆ ತರುವ ಅನುವಾದಕರು, ಲೆಕ್ಕವನ್ನು ಪ್ರೋಗ್ರಾಮಿಗೆ ಹಾಕುವ ಎಂಜಿನಿಯರು, ಸ್ಕ್ರೀನ್ ರೀಡರ್ ಕಿವಿಗೆ ಹಚ್ಚಿ ಕೂತ ಅಂಧ ವಿದ್ಯಾರ್ಥಿ, ಇವರ ಕೈ ನೋಯಿಸಿ ಯಾವ ಮಗುವೂ ಜಾಣವಾಗುವುದಿಲ್ಲ. ಇಷ್ಟಕ್ಕೂ ಅದೇ ಶಿಕ್ಷಕರು ತರಗತಿಯಲ್ಲಿ ಸೂತ್ರವನ್ನು ಬಾಯಲ್ಲಿ ಹೇಳುವಾಗ ನಾನು ಬೇಡುತ್ತಿರುವ ಕೆಲಸವನ್ನೇ ಮಾಡುತ್ತಾರೆ. ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಎಂದಾಗ ಆ ‘ಹೋಲ್’ ಆವರಣದ ಕೆಲಸ ಮಾಡುತ್ತದೆ. ಕೇಳಿದವರು ಬರೀ ಬಿಯನ್ನು ವರ್ಗ ಮಾಡುವುದಿಲ್ಲ. ಜೊತೆಗೆ ಒಳ್ಳೆಯ ಶಿಕ್ಷಕರು ‘ಎ ಸೊನ್ನೆ ಆಗಬಾರದು’ ಎಂಬುದನ್ನು ಉಸಿರು ಬಿಡದೆ ಸೇರಿಸಿಯೇ ವರ್ಗ ಸಮೀಕರಣದ ಸೂತ್ರ ಹೇಳುತ್ತಾರೆ. ಬಾಯಿಮಾತಿನಲ್ಲಿ ಕೂಡಿಬರುವ ಷರತ್ತನ್ನು ಡಿಜಿಟಲ್ ಪುಟದ ನಕಲು ಕಳಚಿಹಾಕುತ್ತದೆ ಎಂಬುದೇ ನನ್ನ ದೂರು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ, ಅದಕ್ಕೆ ಉತ್ತರಿಸದೆ ಮುಂದೆ ಹೋಗಲಾರೆ. ಷರತ್ತು ನೋಡಿಕೊಳ್ಳುವುದು ಬಳಸುವವನ ಜವಾಬ್ದಾರಿ. ಪ್ರತಿ ಸೂತ್ರಕ್ಕೂ ಬಾಲ ಕಟ್ಟಿದರೆ ಯಾರೂ ನಕಲಿಸುವುದಿಲ್ಲ, ಒಂದು ಸಾಲು ಬೇಕಾದವರಿಗೆ ಐದು ಸಾಲು ಬಂದರೆ ಕಿರಿಕಿರಿ. ಕಿರಿಕಿರಿ ಆಗುತ್ತದೆ, ಒಪ್ಪುತ್ತೇನೆ. ಆದರೆ ಜೊತೆಗೆ ಬಂದ ಷರತ್ತನ್ನು ಅಳಿಸುವವನು ಅದನ್ನು ಒಮ್ಮೆಯಾದರೂ ನೋಡಿ ಅಳಿಸುತ್ತಾನೆ. ಬಾರದೇ ಇದ್ದ ಷರತ್ತು ಇತ್ತೆಂದೇ ಅವನಿಗೆ ಗೊತ್ತಾಗುವುದಿಲ್ಲ. ಜವಾಬ್ದಾರಿ ಬಳಸುವವನದು ಎನ್ನಬೇಕಾದರೆ ಅದನ್ನು ಹೊರಲು ಬೇಕಾದದ್ದನ್ನು ಅವನ ಕೈಗೆ ಕೊಟ್ಟಿರಬೇಕು. ತಂತ್ರ ಇದಕ್ಕೆ ಅಡ್ಡಿಯಲ್ಲ. ಮ್ಯಾಥ್‌ಎಂಎಲ್‌ನಲ್ಲಿ ಸೂತ್ರದ ಜೊತೆಗೇ ಟಿಪ್ಪಣಿ ಕಟ್ಟಿ ಕಳಿಸುವ ಜಾಗ ಮೊದಲಿನಿಂದ ಇದೆ. 2017ರ ಪಿಡಿಎಫ್ 2.0 ಮಾನಕ ಪುಟದೊಳಗಿನ ಸೂತ್ರಕ್ಕೆ ಅದರ ಮ್ಯಾಥ್‌ಎಂಎಲ್ ರೂಪವನ್ನು ಜೋಡಿಸಲು ಬಿಡುತ್ತದೆ, ಅಂದರೆ ಪಿಡಿಎಫ್ ಎಂದಾಕ್ಷಣ ಕೈಚೆಲ್ಲುವ ಕಾಲವೂ ಹೋಯಿತು. ಬೇಕಿರುವುದು ಬರೆಯುವ ಹೊತ್ತಿನ ಶಿಸ್ತು: ಸೂತ್ರದ ಹೆಸರು, ಅಕ್ಷರಗಳ ಅರ್ಥ, ಏಕಮಾನ, ಷರತ್ತು ಇವನ್ನು ಸೂತ್ರಕ್ಕೆ ಅಂಟಿಸಿಯೇ ಬರೆಯುವುದು. ಷರತ್ತು ಏನೆಂದು ಲೇಖಕರಿಗೆ ಆ ಗಳಿಗೆಯಲ್ಲಿ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಬೇರೆ ಯಾರಾದರೂ ಹುಡುಕಲು ಹೊರಟರೆ ಬ್ರಹ್ಮಗುಪ್ತನ ಶ್ಲೋಕದ ವಿಷಯದಲ್ಲಿ ಆದಂತೆ ಶತಮಾನಗಳೇ ಹಿಡಿಯಬಹುದು.

ಹಕ್ಕುಸ್ವಾಮ್ಯದ ಹೆದರಿಕೆಯನ್ನು ಇಲ್ಲಿ ತರುವವರಿಗೆ ಒಂದೇ ಮಾತು ಸಾಕು. ಕಾನೂನು ಕಾಯುವುದು ಬರವಣಿಗೆಯ ರೂಪವನ್ನು. ಚತುರ್ಭುಜದ ಕ್ಷೇತ್ರಫಲ ಯಾರ ಸ್ವತ್ತೂ ಅಲ್ಲ.

ಕೊನೆಯದಾಗಿ ಹಣ ಮತ್ತು ಕರಾರಿನ ವಿಷಯ, ಏಕೆಂದರೆ ಈ ಚರ್ಚೆಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಗಣಿತದ ಪುಸ್ತಕವೊಂದರ ಟೈಪ್‌ಸೆಟಿಂಗ್ ಕೆಲಸ ಹೊರಗೆ ಕೊಡುವಾಗ ಸಾಮಾನ್ಯವಾಗಿ ಕೇಳುವುದು ಅಚ್ಚಿಗೆ ಸಿದ್ಧವಾದ ಪಿಡಿಎಫ್. ಮೂಲ ಕಡತ ಡಿಟಿಪಿ ಮಾಡಿದವರ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆ, ಮುಂದಿನ ಪರಿಷ್ಕರಣೆಯ ಹೊತ್ತಿಗೆ ಆ ಡಿಸ್ಕೂ ಇರುವುದಿಲ್ಲ, ಸೂತ್ರಗಳು ಮತ್ತೆ ಮೊದಲಿಂದ ಟೈಪಾಗುತ್ತವೆ, ಅದಕ್ಕೆ ಮತ್ತೆ ದುಡ್ಡು ಹೋಗುತ್ತದೆ. ಕನ್ನಡದಲ್ಲಾಗಲಿ ಗುಜರಾತಿಯಲ್ಲಾಗಲಿ ಸಾರ್ವಜನಿಕ ಹಣದಿಂದ ಆಗುವ ಪ್ರತಿ ಗಣಿತ, ವಿಜ್ಞಾನ ಪುಸ್ತಕದ ಕರಾರಿನಲ್ಲಿ ಎರಡು ಕಲಮು ಸೇರಿಸಬೇಕೆಂದು ನಾನು ಕೇಳುತ್ತೇನೆ. ಪಠ್ಯ ಯೂನಿಕೋಡ್‌ನಲ್ಲೂ ಸೂತ್ರಗಳು ಲೇಟೆಕ್ ಅಥವಾ ಮ್ಯಾಥ್‌ಎಂಎಲ್‌ನಲ್ಲೂ ಇರುವ ಮೂಲ ಕಡತವನ್ನು ಪಿಡಿಎಫ್ ಜೊತೆಗೇ ಒಪ್ಪಿಸಬೇಕು ಎಂಬುದು ಒಂದು. ಲೇಖಕರು ಸಹಿ ಹಾಕುವ ಹಸ್ತಪ್ರತಿಯಲ್ಲಿ ಪ್ರತಿ ಸೂತ್ರದ ಷರತ್ತು ಸೂತ್ರದ ಜೊತೆಗೇ ಬರೆದಿರಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಲೇಟೆಕ್ ಪಕ್ಷದವರು ಈಗಾಗಲೇ ಒಪ್ಪುತ್ತಾರೆ. ಎರಡನೆಯದಕ್ಕೆ ಅವರ ಸಹಿ ಇನ್ನೂ ಬಂದಿಲ್ಲ, ನನ್ನ ಜಗಳ ಉಳಿದಿರುವುದು ಅದರ ಮೇಲೆ.